ಇತ್ಯಾದಿ ದೇಶದ ಅರ್ಚನೆ

ತಾಯಮ್ಮ, ನಿಮ್ಮ ಮಗಳು ಓದಲು ಹೋದ ದೇಶದ ಹೆಸರನ್ನು ನಾನು ದೇವರ ಮುಂದೆ ಒಂದು ದಿನವೂ ಹೇಳಲಿಲ್ಲ. ಸೋಮವಾರ ಬಂದರೆ ನೀವು ಕೈಮುಗಿದು, ಕಣ್ಣು ಮುಚ್ಚಿ, ಕಿವಿ ಮಾತ್ರ ತೆರೆದುಕೊಂಡು ಗರ್ಭಗುಡಿಯ ಎದುರು ನಿಂತಿರುತ್ತಿದ್ದಿರಿ. ಆ ಹೆಸರು ಬರಬೇಕಾದ ಜಾಗಕ್ಕೆ ಬಂದ ಕೂಡಲೇ ನಾನು ಎಡಗೈಯ ಗಂಟೆಯನ್ನು ಜೋರಾಗಿ ಬಾರಿಸುತ್ತಿದ್ದೆ. ಆ ಸದ್ದಿನ ಕೆಳಗೆ ನನ್ನ ಬಾಯಿ ಏನನ್ನೋ ಗೊಣಗುತ್ತಿತ್ತು. ಏನನ್ನು ಎಂದು ಹೇಳುತ್ತೇನೆ—ಸ್ವಲ್ಪ ತಾಳಿ, ಅದನ್ನು ಬರೆಯಲು ಇನ್ನೂ ಕೈ ಏಳುತ್ತಿಲ್ಲ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಶಾಲೆಯಲ್ಲಿ ಕಲಿತದ್ದು ಮಲಯಾಳ. ನನಗೆ ಕನ್ನಡ ಅಕ್ಷರವನ್ನು ಮನೆಯಲ್ಲಿ ಅಪ್ಪ ಹೇಳಿಕೊಟ್ಟರು. ನೀವು ಓದಲಾರಿರಿ ಎಂಬ ಧೈರ್ಯದಿಂದಲೇ ಬರೆಯಲು ಕುಳಿತೆ ಎಂದರೆ ಸುಳ್ಳಾಗದು. ಅದೂ ಒಂದು ಹೇಡಿತನವೇ. ಆದರೆ ಎರಡು ಸಾಲು ಬರೆಯುವಷ್ಟರಲ್ಲಿ ಇನ್ನೊಂದು ಹೊಳೆಯಿತು—ನೀವು ಓದಲಾರಿರಿ ಎಂದ ಮೇಲೆ ಇದನ್ನು ನಾನೇ ನಿಮ್ಮ ಎದುರು ಕುಳಿತು ಓದಬೇಕಾಗುತ್ತದೆ. ತಪ್ಪಿಸಿಕೊಳ್ಳಲು ಹೋಗಿ ಸರಿಯಾಗಿಯೇ ಸಿಕ್ಕಿಬಿದ್ದಿದ್ದೇನೆ.

ನಮ್ಮ ಗುಡಿಯ ರೂಢಿ ನಿಮಗೆ ತಿಳಿದದ್ದೇ. ಬೇರೆ ಕಡೆ ಅರ್ಚನೆಗೆ ಗೋತ್ರ, ನಕ್ಷತ್ರ, ಹೆಸರು ಹೇಳಿದರೆ ಮುಗಿಯಿತು. ನಮ್ಮಲ್ಲಿ ದೂರ ಹೋದವರ ಹೆಸರಿನ ಜೊತೆಗೆ ಅವರಿರುವ ಊರನ್ನೂ ಸೇರಿಸಿ ಹೇಳಬೇಕು. ಅದು ನಮ್ಮಪ್ಪ ಹಾಕಿಕೊಟ್ಟ ಕ್ರಮ. ವಯನಾಡಿನ ನೂಲ್ಪುಳದ ಕಾಡಂಚಿನ ಈ ಈಶ್ವರನ ಗುಡಿಗೆ ಬರುವವರೆಲ್ಲ ಗುಂಡ್ಲುಪೇಟೆ ಕಡೆಯಿಂದ ಬಂದು ನೆಲೆನಿಂತ ನಮ್ಮ ನಿಮ್ಮಂಥವರು. ಅಪ್ಪನ ಕಾಲದಲ್ಲಿ ಮಕ್ಕಳು ಮೈಸೂರಿಗೋ ಕೊಡಗಿಗೋ ಹೋಗುತ್ತಿದ್ದರು. ಆಮೇಲೆ ಗಲ್ಫಿಗೆ ಹೊರಟರು. ‘ದೇವರಿಗೆ ಊರಿನ ಹೆಸರು ಯಾಕಪ್ಪಾ, ಅವನಿಗೆ ಗೊತ್ತಿರಲ್ವೇ?’ ಎಂದು ಚಿಕ್ಕವನಿದ್ದಾಗ ಕೇಳಿದ್ದೆ. ‘ಅವನಿಗೆ ಗೊತ್ತು ಕಣೋ. ಕೇಳಬೇಕಾದವಳು ಇಲ್ಲಿ ನಿಂತಿದಾಳಲ್ಲ, ಹೆತ್ತವಳು’ ಎಂದಿದ್ದರು ಅಪ್ಪ. ಈ ಮಾತನ್ನು ನಾನು ಮರೆತಿದ್ದೆ ಎನ್ನಲಾರೆ. ನೆನಪಿಟ್ಟುಕೊಂಡೇ ತಪ್ಪು ಮಾಡಿದೆ.

ಅಪ್ಪ ಇನ್ನೊಂದನ್ನೂ ಕಲಿಸಿದ್ದರು. ಉಚ್ಚಾರ. ಮಹಾಪ್ರಾಣ ತಪ್ಪಿದರೆ ಬೆರಳಗಂಟಿನ ಮೇಲೆ ಏಟು. ಸಂಶಯವಿರುವ ಅಕ್ಷರವನ್ನು ದೇವರ ಮುಂದೆ ಆಡಬೇಡ ಎನ್ನುತ್ತಿದ್ದರು. ಆ ಏಟು ತಿಂದು ತಿಂದು ನನಗೆ ಒಳ್ಳೆಯ ನಾಲಿಗೆ ಬಂತು. ಅದರ ಹಿಂದೆಯೇ ಜಂಬವೂ ಬಂತು. ಮುತ್ತಂಗದ ಚೆಕ್‌ಪೋಸ್ಟು ದಾಟಿ ಆನೆ ನೋಡಲು ಬರುವ ಮೈಸೂರಿನವರು ನಮ್ಮ ಗುಡಿಯ ನೆರಳಿಗೆ ಕಾರು ನಿಲ್ಲಿಸುತ್ತಾರಲ್ಲ, ಅವರು ನೂಲ್ಪುಳವನ್ನು ‘ನೂಲಪುಲ’ ಎಂದರೆ ನಾನು ಸುಮ್ಮನಿರುತ್ತಿರಲಿಲ್ಲ. ನಿಲ್ಲಿಸಿ, ನಾಲಿಗೆಯನ್ನು ಹಿಂದಕ್ಕೆ ಮಡಿಚುವುದು ಹೇಗೆಂದು ತೋರಿಸಿ, ಮೂರು ಸಲ ಹೇಳಿಸಿ, ಆಮೇಲೆಯೇ ತೀರ್ಥ ಕೊಡುತ್ತಿದ್ದೆ. ಬಿಳಿಯ ಪ್ರವಾಸಿಗಳು ಬಂದರೂ ಬಿಡುತ್ತಿರಲಿಲ್ಲ. ಪಾಪ, ಅವರು ಬೆವರು ಒರೆಸಿಕೊಂಡು ಪಾಠ ಒಪ್ಪಿಸಿ ಹೋಗುತ್ತಿದ್ದರು.

ಗಲ್ಫಿನ ಹೆಸರುಗಳು ನನಗೆ ತೊಂದರೆ ಕೊಡಲಿಲ್ಲ. ‘ದುಬೈ ನಗರ ನಿವಾಸಿನಃ’, ‘ಮಸ್ಕತ್ ನಗರ ನಿವಾಸಿನಃ’—ಸಂಸ್ಕೃತಕ್ಕೂ ಅವಕ್ಕೂ ಹೇಗೋ ಹೊಂದಿಕೊಂಡಿತು. ತಾಪತ್ರಯ ಶುರುವಾದದ್ದು ಮಕ್ಕಳು ಹೊಸ ಹೊಸ ದೇಶಗಳಿಗೆ ಹೊರಡತೊಡಗಿದ ಮೇಲೆ. ಒಂದೇ ದೇಶ ಅಪ್ಪನ ಬಾಯಲ್ಲಿ ಒಂದು ಥರ, ಮಗನ ಬಾಯಲ್ಲಿ ಇನ್ನೊಂದು ಥರ, ಬತ್ತೇರಿ ಪೇಟೆಯ ಏಜೆಂಟನ ಬೋರ್ಡಿನಲ್ಲಿ ಮತ್ತೊಂದು. ವಿಮಾನ ಹತ್ತುವವರಿಗೇ ತಾವು ಇಳಿಯುವ ದೇಶದ ಹೆಸರು ಸರಿಯಾಗಿ ಹೊರಳುತ್ತಿರಲಿಲ್ಲ. ಅವರಿಗೆ ಅದರಿಂದ ಏನೂ ಅನ್ನಿಸುತ್ತಿರಲಿಲ್ಲ, ನಗುತ್ತಲೇ ಹೋಗಿಬರುತ್ತಿದ್ದರು. ನಾನು ಮಾತ್ರ ಒಂದೊಂದನ್ನೂ ಮನಸ್ಸಿನೊಳಗೇ ಹತ್ತು ಸಲ ಹೇಳಿ ನೋಡಿಕೊಳ್ಳುತ್ತಿದ್ದೆ.

ಒಮ್ಮೆ ಅಜರ್‌ಬೈಜಾನಿಗೆ ಹೊರಟ ಒಬ್ಬ ಹುಡುಗ ಗೆಳೆಯರನ್ನೆಲ್ಲ ಕರೆದುಕೊಂಡು ಅರ್ಚನೆಗೆ ಬಂದ. ಸಂಕಲ್ಪದ ನಡುವೆ ಆ ಹೆಸರಿಗೆ ಬಂದು ಎಡವಿದೆ. ಮತ್ತೆ ಹೇಳಿದೆ, ಮತ್ತೆ ಎಡವಿದೆ. ಹಿಂದಿನಿಂದ ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ. ಹೊರಡುವಾಗ ಅವರು ಮೆಟ್ಟಿಲಿಳಿಯುತ್ತ ನನ್ನ ಧ್ವನಿಯಲ್ಲೇ ‘ಅಜರಬ್ಬೈ… ಅಜರಬ್ಬೈ…’ ಎಂದು ಅಣಕಿಸಿದ್ದು ಕೇಳಿಸಿತು. ಮಕ್ಕಳಾಟ. ನಾನೂ ನಕ್ಕುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬಂದ ಪ್ರವಾಸಿಗಳಿಗೆಲ್ಲ ಉಚ್ಚಾರ ತಿದ್ದಿದ ಮೇಷ್ಟ್ರು ನಾನು—ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಅವತ್ತೇ ನಿರ್ಧಾರ ಮಾಡಿದೆ: ಖಾತ್ರಿಯಿಲ್ಲದ ದೇಶದ ಹೆಸರನ್ನು ಇನ್ನು ಮುಂದೆ ಬಾಯಿಂದ ಹೊರಗೆ ಬಿಡುವುದಿಲ್ಲ. ಅಪ್ಪನ ಮಾತನ್ನೇ ಇದಕ್ಕೆ ನೆವ ಮಾಡಿಕೊಂಡೆ. ಗಂಟೆ ಬಾರಿಸುವ ಉಪಾಯ ಹೊಳೆದದ್ದೂ ಆಗಲೇ.

ಅದಾಗಿ ಸ್ವಲ್ಪ ದಿನಕ್ಕೆ ನಿಮ್ಮ ಸೌಮ್ಯ ಕಿರ್ಗಿಸ್ತಾನಕ್ಕೆ ಡಾಕ್ಟರಿಕೆ ಓದಲು ಹೋದಳು.

ನೀವು ಮೊದಲನೆಯ ಸೋಮವಾರ ಬಂದದ್ದು ನನ್ನ ಕಣ್ಣಲ್ಲಿ ಹಾಗೇ ಇದೆ. ನಿಮ್ಮ ತೋಟದ ಕಾಫಿಬೀಜವನ್ನು ನೀವೇ ಹುರಿದು ಪುಡಿ ಮಾಡಿ, ಬೆಚ್ಚಗಿದ್ದ ಪೊಟ್ಟಣವನ್ನು ಬಾಳೆಯೆಲೆಯಲ್ಲಿ ಸುತ್ತಿ ತಂದಿದ್ದಿರಿ. ಅದರ ಪರಿಮಳಕ್ಕೆ ಗುಡಿಯೊಳಗಿನ ಕರ್ಪೂರ ಸೋತುಹೋಗಿತ್ತು. ‘ಎಲ್ಲಿದಾಳೆ ಮಗಳು?’ ಎಂದು ರೂಢಿಯಂತೆ ಕೇಳಿದೆ. ‘ನಮ್ಮ ಮೋಳು… ಕಿರಿಕಿಸ್ತಾನದಲ್ಲವಳ ಐನೋರೆ’ ಎಂದಿರಿ. ನಾನು ಹುಬ್ಬು ಗಂಟು ಹಾಕಿ ಹೇಳಿದೆ—‘ದೇವರ ಮುಂದೆ ತಪ್ಪು ಹೇಳಬಾರದು. ಸರಿಯಾಗಿ ಹೇಳಿ, ತಾಯಿ.’

ಸರಿ ಯಾವುದೆಂದು ನನಗೇ ಗೊತ್ತಿರಲಿಲ್ಲ. ಇದನ್ನು ಎರಡು ಸಲ ಬೇಕಾದರೂ ಬರೆಯುತ್ತೇನೆ, ನನಗೇ ಗೊತ್ತಿರಲಿಲ್ಲ. ದುರ್ಗ, ಮಾರ್ಗ, ಸ್ವರ್ಗ ಎಂದು ದಿನಕ್ಕೆ ಎಷ್ಟೋ ಸಲ ಹೊರಳುವ ನಾಲಿಗೆಗೆ ಆ ಹೆಸರು ಕಷ್ಟವೂ ಆಗಿರಲಿಲ್ಲ. ಆದರೂ ಮಲಯಾಳ ಪತ್ರಿಕೆಯಲ್ಲಿ ಒಂದು ರೀತಿ, ಟಿ.ವಿ.ಯಲ್ಲಿ ಇನ್ನೊಂದು; ಯಾವುದೋ ಒಂದನ್ನು ಹೇಳಿ, ಅದು ತಪ್ಪಾಗಿ, ಮತ್ತೆ ಯಾರಾದರೂ ಮೆಟ್ಟಿಲ ಮೇಲೆ… ಇಷ್ಟೇ ಕಾರಣ. ಗುಡಿಯಲ್ಲಿ ಆಗ ನೀವಲ್ಲದೆ ಬೇರೆ ಯಾರೂ ಇರಲಿಲ್ಲ. ನೀವು ನಗುವವರೂ ಅಲ್ಲ.

ಗಂಟೆ ಬಾರಿಸಿದೆ. ಅದರ ಕೆಳಗೆ ನಾನು ಗೊಣಗಿದ್ದು ಇದು—‘ಇತ್ಯಾದಿ ದೇಶ ನಿವಾಸಿನ್ಯಾಃ’. ಇತ್ಯಾದಿ ಎಂಬ ದೇಶದಲ್ಲಿ ವಾಸವಾಗಿರುವವಳು! ನಿಮ್ಮ ಒಬ್ಬಳೇ ಮಗಳನ್ನು, ಮನೆಯಲ್ಲಿ ಮಲಗುವ ಮುನ್ನ ನೀವು ನಕ್ಷೆಯಲ್ಲಿ ಬೆರಳಿಟ್ಟು ನೋಡುತ್ತಿದ್ದ ಮಗಳನ್ನು, ನಾನು ಒಯ್ದು ಇತ್ಯಾದಿಯಲ್ಲಿ ಇಳಿಸಿ ಬಂದೆ. ವಾರವಾರವೂ ಅಲ್ಲಿಗೇ ಅರ್ಚನೆ ಕಳಿಸಿದೆ.

ನೀವು ಮಾತ್ರ ಪಾಠ ಬಿಡಲಿಲ್ಲ. ಸೌಮ್ಯ ಫೋನ್ ಮಾಡಿದಾಗಲೆಲ್ಲ ಆ ಹೆಸರನ್ನು ಅವಳಿಂದ ಹೇಳಿಸಿಕೊಂಡು ಕಲಿತಿರಿ. ಕಾಫಿಹಣ್ಣು ಬಿಡಿಸುವಾಗ, ಅಂಗಳದಲ್ಲಿ ಬೀಜ ಹರವುವಾಗ, ಮಂಗ ಓಡಿಸುವಾಗ ಕೂಡ ಬಾಯಿಪಾಠ ನಡೆಯುತ್ತಿತ್ತಂತೆ. ನಿಮ್ಮ ಯಜಮಾನರೇ ಹೇಳಿ ನಗುತ್ತಿದ್ದರು—‘ನಮ್ಮವಳು ಮಂಗಗೂ ದೇಶದ ಹೆಸ್ರ ಕಲ್ಸ್ತಾವಳ ಐನೋರೆ.’ ಸೋಮವಾರ ನನ್ನ ಎದುರು ನಿಂತು, ಪರೀಕ್ಷೆಗೆ ಬಂದ ಮಗುವಿನ ಹಾಗೆ ಉಸಿರೆಳೆದುಕೊಂಡು ಹೇಳುತ್ತಿದ್ದಿರಿ. ನಾನು ಗಂಭೀರವಾಗಿ ತಲೆ ಆಡಿಸುತ್ತಿದ್ದೆ, ಪಾಸು ಮಾಡುವವನಂತೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಆ ಬದನೆಕಾಯಿ ತಿಂದವನು ನಾನೇ.

ಗಂಟೆಯ ವಿಷಯವನ್ನು ನೀವು ಅರ್ಥ ಮಾಡಿಕೊಂಡದ್ದು ಇನ್ನೂ ಚೆಂದ—ಇಲ್ಲ, ಚೆಂದ ಎನ್ನಬಾರದು. ‘ನಮ್ಮ ಮೋಳಿನ ದೇಶ ಬಂದಾಗ ದೇವರ ಗಂಟ ತಾನಾಗೇ ಜೋರಾಗ್ತದ’ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡಿರಿ. ಅದನ್ನು ಕೇಳಿದ ಇಬ್ಬರು ತಮ್ಮ ಮಕ್ಕಳ ಊರಿಗೂ ಗಂಟೆ ಬಾರಿಸಿರಿ ಎಂದು ನನ್ನಲ್ಲಿಗೆ ಬಂದರು. ಬಾರಿಸಿದೆ. ನಾಚಿಕೆಯಾಗಲಿಲ್ಲವೇ ಎಂದು ನೀವು ಕೇಳಬಹುದು. ಆಯಿತು, ಆದರೆ ನಾಚಿಕೆಗಿಂತ ನೆಮ್ಮದಿ ಹೆಚ್ಚಾಯಿತು, ಸಿಕ್ಕಿಬೀಳಲಿಲ್ಲವಲ್ಲ ಎಂಬ ನೆಮ್ಮದಿ.

ಎರಡನೆಯ ವರ್ಷದ ಚಳಿಗಾಲದಲ್ಲಿ ಸೌಮ್ಯಳಿಗೆ ಕಾಮಾಲೆ ಬಂತು. ತಿಂಗಳುಗಟ್ಟಲೆ ಮಲಗಿ, ಪರೀಕ್ಷೆ ತಪ್ಪಿ, ಅರ್ಧ ಮೈಯಾಗಿ ವಾಪಸು ಬಂದಳು. ಮತ್ತೆ ಹೋಗಲಾಗಲಿಲ್ಲ. ಅವಳು ಮನೆ ಸೇರಿದ ಮೇಲಿನ ಸೋಮವಾರ ನೀವು ಒಬ್ಬರೇ ಬಂದಿರಿ. ಅಳಲಿಲ್ಲ. ಕಂಬಕ್ಕೆ ಒರಗಿ ನಿಂತು ಕೇಳಿದಿರಿ.

‘ಎಲ್ಲಿ ತಪ್ಪಾಯ್ತು ಐನೋರೆ?’

ನಾನು ದೀಪದ ಬತ್ತಿ ಸರಿಮಾಡುತ್ತಿದ್ದೆ. ಸರಿಯಾಗಿಯೇ ಇದ್ದ ಬತ್ತಿ.

‘ಹೆಸ್ರ ನಾನು ಸರ್ಯಾಗಿ ಹೇಳ್ನಿಲ್ವಾ? ಅದ್ಕೇ ದೇವರಿಗ ತಲುಪ್ನಿಲ್ವಾ?’

ಆ ಕ್ಷಣದಲ್ಲಿ ನಾನು ಹೇಳಬಹುದಾಗಿದ್ದ ಮಾತುಗಳು ಎಷ್ಟಿದ್ದವು! ಕಾಯಿಲೆ ನೀರಿನಿಂದ ಬರುತ್ತದೆ, ಹೆಸರಿನಿಂದಲ್ಲ ಎನ್ನಬಹುದಿತ್ತು. ದೇವರು ಉಚ್ಚಾರ ನೋಡುವವನಲ್ಲ ಎನ್ನಬಹುದಿತ್ತು. ಅಥವಾ ಸುಮ್ಮನೆ, ತಾಯಮ್ಮ, ಹೇಳದವನು ನಾನು ಎನ್ನಬಹುದಿತ್ತು. ಇವುಗಳಲ್ಲಿ ಯಾವುದನ್ನೂ ಹೇಳಲಿಲ್ಲ. ನಾನು ಹೇಳಿದ್ದು ಒಂದೇ ಮಾತು.

‘ಇರಬಹುದು.’

ನೀವು ತಲೆಯಾಡಿಸಿ ಹೋದಿರಿ. ಎಷ್ಟು ಸುಲಭವಾಗಿ ನಂಬಿದಿರಿ! ಅದು ನನ್ನನ್ನು ಈಗಲೂ ತಿನ್ನುತ್ತದೆ.

ಕಾಫಿಯ ವಿಷಯ ಗೊತ್ತಾದದ್ದು ಕೆಲವು ವಾರಗಳ ಮೇಲೆ. ನಿಮ್ಮ ಮನೆಗೆ ಬಂದಿದ್ದೆ. ನಮ್ಮಪ್ಪ ಯಾರ ಮನೆಯಲ್ಲೂ ನೀರು ಕೂಡ ಮುಟ್ಟಿದವರಲ್ಲ. ಅವರ ಮಗ ನಿಮ್ಮ ಕಾಫಿಯಿಂದ ಕೆಟ್ಟ. ಆ ಹಿತ್ತಾಳೆ ಲೋಟ, ಅದರ ಮೇಲಿನ ನೊರೆ—ಯಾವ ಮಡಿಯೂ ಅದರೆದುರು ನಿಲ್ಲಲಾರದು. ನಾವಿಬ್ಬರೂ ಜಗಲಿಯಲ್ಲಿ ಕುಳಿತು ಕುಡಿಯುವುದು, ನೀವು ಮೊದಲ ಗುಟುಕಿಗೆ ಕಣ್ಣು ಮುಚ್ಚಿ ‘ಹಾ’ ಎನ್ನುವುದು, ಇದೆಲ್ಲ ನಡೆದು ಬಂದ ಕ್ರಮ. ಅವತ್ತು ಒಂದೇ ಲೋಟ ಬಂತು.

‘ನಿಮಗೆ?’ ಎಂದೆ.

‘ಬುಟ್ಬುಟ್ಟೆ ಐನೋರೆ. ತಪ್ಪು ಮಾಡ್ದದ್ದು ಈ ನಾಲ್ಗ ಅಲ್ವಾ? ಅದ್ಕ ಏನ್ ಇಷ್ಟವೋ ಅದ್ನೇ ಬುಟ್ಬುಟ್ಟೆ. ಸಾರಮಿಲ್ಲ, ನೀವು ಕುಡೀರಿ, ಆರೋಯ್ತದ.’

ಸಾರಮಿಲ್ಲ. ಪರವಾಗಿಲ್ಲ ಎನ್ನಲು ಮಲಯಾಳದಿಂದ ನಮ್ಮ ಬಾಯಿಗೆ ಬಂದ ಮಾತು. ನಿಮ್ಮ ಬಾಯಲ್ಲಿ ಅದು ದಿನಕ್ಕೆ ಹತ್ತು ಸಲ ಬರುತ್ತದೆ. ನಾನು ಕುಡಿದೆ, ತಾಯಮ್ಮ. ಬಿಸಿಯಾಗಿತ್ತು, ಚೆನ್ನಾಗಿತ್ತು. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಕರುಣೆ ಬರುತ್ತದೇನೋ. ಆದರೆ ಇಳಿಯಿತು, ಲೋಟದ ತಳದವರೆಗೂ ಇಳಿಯಿತು. ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಕಾಫಿ ಕುಯ್ಲು ಮುಗಿದವು! ನೀವು ಬಿಡಿಸಿ, ಒಣಗಿಸಿ, ಹುರಿದು, ಪುಡಿ ಮಾಡಿ, ನನಗೆ ಕೊಟ್ಟು, ಎದುರಿಗೆ ಬಿಸಿನೀರು ಹಿಡಿದುಕೊಂಡು ಕುಳಿತಿರಿ. ಹುರಿಯುವಾಗ ಹೊಗೆಗೆ ಮುಖವೊಡ್ಡಿ ನೀವು ಒಂದು ಕ್ಷಣ ನಿಲ್ಲುವುದನ್ನು ಒಂದು ದಿನ ಹಿತ್ತಿಲ ಬಾಗಿಲಿನಿಂದ ನೋಡಿದೆ. ನಾನು ಬಂದದ್ದು ನಿಮಗೆ ಗೊತ್ತಾಗಲಿಲ್ಲ. ಸದ್ದಿಲ್ಲದೆ ಮುಂಬಾಗಿಲಿಗೆ ಸುತ್ತಿಬಂದು ಕೂಗಿದೆ.

ಸೌಮ್ಯ ಕೈಚೆಲ್ಲಿ ಕೂರಲಿಲ್ಲ. ಲ್ಯಾಬಿನ ಕೆಲಸ ಕಲಿತಳು, ಬತ್ತೇರಿಯಲ್ಲಿ ಕೆಲಸಕ್ಕೆ ಸೇರಿದಳು, ಒಳ್ಳೆಯ ಹುಡುಗನನ್ನು ಮದುವೆಯಾದಳು. ಎಲ್ಲ ಸರಿಹೋಯಿತಲ್ಲ ಎಂದು ನಾನು ನನಗೇ ಹೇಳಿಕೊಂಡೆ. ಇನ್ನು ಹಳೆಯದನ್ನು ಕೆದಕಿ ಏನು—ಎಂದು. ಹಾಗೆಯೇ ಸತ್ತುಹೋಗುತ್ತಿದ್ದೆನೋ ಏನೋ, ಮೊನ್ನೆ ಅವಳು ಗುಡಿಗೆ ಬರದಿದ್ದರೆ.

ಅವಳ ಗಂಡ ಈಗ ಮಾಲ್ಟಾದಲ್ಲಿದ್ದಾನೆ. ಇವಳಿಗೂ ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿದೆ. ಬರುವ ಸೋಮವಾರ ಹೊರಡುತ್ತಾಳೆ. ಇದೆಲ್ಲ ನಿಮಗೆ ಗೊತ್ತು. ನಿಮಗೆ ಗೊತ್ತಿಲ್ಲದ್ದು, ಅವಳು ನನ್ನೆದುರು ಕುಳಿತು ಅತ್ತದ್ದು.

‘ಅಮ್ಮಗ ನಾನು ಹೋಗೋದು ಇಷ್ಟ ಇಲ್ಲ ಐನೋರೆ. ಬಾಯ್ಬಿಟ್ಟು ಹೇಳಲ್ಲ, ಆದ್ರೆ ಆ ದೇಶದ ಹೆಸ್ರನ್ನೇ ಎತ್ತಲ್ಲ. ಅಲ್ಲಿಗ ಅಂತಾಳ, ಆ ಕಡೆಗ ಅಂತಾಳ. ಯಾರಾದ್ರೂ ಮೋಳು ಎಲ್ಲಿಗ ಹೊರಟ್ಲು ಅಂದ್ರೆ ಒಳಗ ಎದ್ದೋಯ್ತಾಳ. ನನ್ನ ಮೇಲ ಅಷ್ಟು ಕೋಪವಾ?’

ಕೋಪ! ಅದು ಕೋಪವಲ್ಲ ಎಂದು ನನಗೆ ಆಗಲೇ ಹೊಳೆಯಿತು, ತಾಯಮ್ಮ. ಮಾಲ್ಟಾ. ಎರಡೇ ಅಕ್ಷರ. ಹಾಲು ಕುಡಿಯುವ ಮಗುವೂ ಹೇಳೀತು. ಅದನ್ನು ನೀವು ಹೇಳುತ್ತಿಲ್ಲ—ನಿಮ್ಮ ನಾಲಿಗೆ ತಾಗಿ ಈ ಸಲವೂ ಮಗಳಿಗೆ ಏನಾದರೂ ಆಗಿಬಿಟ್ಟರೆ ಎಂದು. ಮಗಳು ಅದನ್ನು ಮುನಿಸು ಎಂದುಕೊಂಡು ಅಳುತ್ತಿದ್ದಾಳೆ. ತಾಯಿ ಮಗಳ ನಡುವೆ ಕೂತಿರುವ ಆ ಕಲ್ಲನ್ನು ಇಟ್ಟವನು ನಾನು. ನಾನಂದ ಒಂದು ‘ಇರಬಹುದು’.

ಅವಳು ಮೂಗು ಒರೆಸಿಕೊಂಡು ಹೊರಡುವವಳು, ಯಾಕೋ ಹಳೆಯದನ್ನು ನೆನೆದಳು. ಕಿರ್ಗಿಸ್ತಾನದ ಅವಳ ಹಾಸ್ಟೆಲಿನ ಬಾಗಿಲಲ್ಲಿ ಒಬ್ಬ ಕಾವಲಿನ ಅಜ್ಜಿ ಇದ್ದಳಂತೆ. ‘ನಾವ್ಯಾರೂ ಆ ದೇಶದ ಹೆಸ್ರ ಅವ್ರ ಥರ ಹೇಳ್ತಿರ್ಲಿಲ್ಲ ಐನೋರೆ. ಒಬ್ಬೊಬ್ರದು ಒಂದೊಂದು ಥರ. ಆ ಅಜ್ಜಿ ನಗ್ತಿರ್ಲಿಲ್ಲ. ಹೇಳಿದವ್ರಿಗೆಲ್ಲ ರೊಟ್ಟಿ ಕೊಯ್ದು ಕೊಡೋಳು. ಅವಳು ನಮ್ಮೂರ್ನ ವಾಯನಾತ್ ಅನ್ನೋಳು. ನಾನು ತಿದ್ದಲೇ ಇಲ್ಲ. ಅಷ್ಟು ದೂರದಲ್ಲಿ ನಮ್ಮೂರ ಹೆಸ್ರ ಒಬ್ರ ಬಾಯಲ್ಲಿ ಬಂತಲ್ಲ, ಸಾಕು ಅನ್ನಿಸ್ತು.’

ಅವಳು ಹೋದ ಮೇಲೆ ಗುಡಿಯ ಬಾಗಿಲು ಹಾಕಿದೆ. ಆ ಅಜ್ಜಿಯ ರೊಟ್ಟಿಯೇ ಕಣ್ಣ ಮುಂದೆ ಬರುತ್ತಿತ್ತು. ನಾನು ಎಂಥ ಬೆಪ್ಪ! ವಾರವಾರವೂ ನೀವು ಗುಡಿಗೆ ಬಂದದ್ದು ಸರಿಯಾದ ಹೆಸರು ಕೇಳಲಿಕ್ಕಲ್ಲ. ಮಗಳಿರುವ ಜಾಗದ ಹೆಸರನ್ನು ಇನ್ನೊಬ್ಬರ ಬಾಯಲ್ಲಿ, ಹೇಗಾದರೂ ಸರಿ, ಒಂದು ಸಲ ಕೇಳಲಿಕ್ಕೆ. ನಮ್ಮಪ್ಪ ಹೇಳಿದ್ದೂ ಅದನ್ನೇ. ನಾನು ನಿಮಗೆ ಗಂಟೆಯ ಸದ್ದು ಕೊಟ್ಟೆ.

ನಾಳೆ ಭಾನುವಾರ. ಬೆಳಗಿನ ಪೂಜೆ ಮುಗಿಸಿ ಈ ಹಾಳೆಗಳನ್ನು ಹಿಡಿದುಕೊಂಡು ನಿಮ್ಮ ಜಗಲಿಗೆ ಬರುತ್ತೇನೆ. ಸೌಮ್ಯಳೂ ಅಲ್ಲಿರಲಿ, ಅವಳಿಗೆ ನಿಮ್ಮ ಮೌನದ ಕಾರಣ ನನ್ನ ಬಾಯಿಂದಲೇ ಗೊತ್ತಾಗಬೇಕು. ನೀವು ರೂಢಿಯಂತೆ ಲೋಟ ತರುತ್ತೀರಿ. ನಾನು ಅದನ್ನು ಮುಟ್ಟುವುದಿಲ್ಲ—ಓದಿ ಮುಗಿಯುವ ತನಕವಲ್ಲ, ನೀವು ನಿಮ್ಮ ಲೋಟದಿಂದ ಮೊದಲ ಗುಟುಕು ಕುಡಿಯುವ ತನಕ. ಆಮೇಲೆ ನನಗೆ ಕೊಡುವುದು ಬಿಡುವುದು ನಿಮ್ಮ ಇಷ್ಟ. ಕೊಡದಿದ್ದರೆ ಅದು ನ್ಯಾಯವೇ.

ಸೋಮವಾರ ಅರ್ಚನೆಗೆ ಗಂಟೆಯನ್ನು ಕೆಳಗಿಟ್ಟು ನಿಲ್ಲುತ್ತೇನೆ. ಮೊದಲು ನೀವು ಹೇಳಿ; ಕಿರಿಕಿಸ್ತಾನ ಎಂದೇ ಹೇಳಿ, ಬಾಕಿ ಉಳಿದಿರುವುದು ಅದು. ನಿಮ್ಮ ಬಾಯಿಂದ ಬಂದ ಹಾಗೆಯೇ ನಿಮ್ಮ ಹಿಂದೆ ನಾನು ಹೇಳುತ್ತೇನೆ. ಆಮೇಲೆ ಮಾಲ್ಟಾ. ಯಾರು ಕೇಳಿಸಿಕೊಂಡು ನಕ್ಕರೂ ನಗಲಿ.

ನನಗೆ ಹೆದರಿಕೆ ಇರುವುದು ನಿಮ್ಮ ಕೋಪದ್ದಲ್ಲ. ಅರ್ಧ ಓದುವಷ್ಟರಲ್ಲೇ ನೀವು ಕೈಯಾಡಿಸಿ ‘ಸಾರಮಿಲ್ಲ ಐನೋರೆ’ ಎಂದುಬಿಡುತ್ತೀರಿ, ನಾನು ಅದನ್ನೇ ಹಿಡಿದುಕೊಂಡು ಹಾಳೆ ಮಡಿಚಿಬಿಡುತ್ತೇನೆ—ಅದರದ್ದು. ಹಾಗೆ ಅನ್ನಬೇಡಿ. ‘ಇರಬಹುದು’ ಎಂದು ಬರೆದಿರುವ ಕಡೆ ನನ್ನ ಧ್ವನಿ ಇಳಿಯುತ್ತದೆ, ನನಗೆ ಗೊತ್ತು. ಕೆಮ್ಮಿದಂತೆ ಮಾಡಿ ಮುಂದಿನ ಸಾಲಿಗೆ ಹಾರಲು ನೋಡುತ್ತೇನೆ. ಆಗ, ತಾಯಮ್ಮ, ಮೊದಲನೆಯ ಸೋಮವಾರ ನಾನು ನಿಮಗೆ ಹೇಳಿದ ಮಾತನ್ನೇ ನನಗೆ ಹೇಳಿ. ಸರಿಯಾಗಿ ಹೇಳಿ, ಐನೋರೆ—ಎನ್ನಿ.